ಅಂಗೈಯಲ್ಲಿ ಬರೆದ ಹೆಸರು

ಕೊರಿಯಾದ ಬುಸಾನ್ ಬಂದರಿನ ಆ ಸ್ಟುಡಿಯೊದಲ್ಲೂ, ಎಲ್ಲ ಕಡೆಯಂತೆ, ಎದುರಿನವರ ಹೆಸರನ್ನು ಸರಿಯಾಗಿ ಕರೆದರೆ ಮಾತ್ರ ಸಿನಿಮಾದ ಗುಂಡು ತಾಗುತ್ತಿತ್ತು. ತಾಗಿಸಿಕೊಂಡವರು ಬಿದ್ದು, ಆಮೇಲೆ ಎದ್ದು ಊಟಕ್ಕೆ ಹೋಗುತ್ತಿದ್ದರು. ಆದರೆ ಯಾವ ಚಿತ್ರದಲ್ಲಿ ಬಿದ್ದರೋ ಆ ಚಿತ್ರಕ್ಕೆ ಮತ್ತೆ ಮರಳುವಂತಿರಲಿಲ್ಲ.

ಯಲ್ಲಾಪುರದಿಂದ ಬಂದು ಅಲ್ಲಿ ರೌಡಿ ಪಾತ್ರ ಮಾಡುತ್ತಿದ್ದ ರೊಜಿನಾ ಸಿದ್ದಿಯನ್ನು ನಾಯಕನಟ ಚೋ ಗ್ಯುನ್‌ಸೊಕ್ ಹನ್ನೊಂದು ಚಿತ್ರಗಳಲ್ಲಿ ಕೊಂದಿದ್ದ. ಪ್ರತಿ ಸಲವೂ ಅಂಗೈಯಲ್ಲಿ ಬರೆಸಿಕೊಂಡ ಅವಳ ಹೆಸರನ್ನು ಓದಿ ಕೊಲ್ಲುತ್ತಿದ್ದ, ಕೈ ತೊಳೆದು ಮರೆಯುತ್ತಿದ್ದ. ಚಿತ್ರದ ಕೊನೆಗೆ ಓಡುವ ಪಟ್ಟಿಯಲ್ಲಿ ಅವಳು ಯಾವಾಗಲೂ ‘ಕಪ್ಪು ರೌಡಿ, ನಾಲ್ಕು’. ಅವಳೋ ಅವನ ಹೆಸರನ್ನು ಏಳು ವರ್ಷದಿಂದ, ಅಜ್ಜಿ ಕುಡುಗೋಲು ಮಸೆಯುತ್ತಿದ್ದ ಹಾಗೆ, ದಿನವೂ ನಾಲಿಗೆಯ ಮೇಲೆ ಮಸೆಯುತ್ತಿದ್ದಳು.

ಹನ್ನೆರಡನೆಯ ಚಿತ್ರದ ಮೊದಲ ಹೊಡೆದಾಟ ಮೀನುಮಾರುಕಟ್ಟೆಯಲ್ಲಿ. ಐಸುನೀರಿಗೆ ಅವನ ಅಂಗೈಯ ಶಾಯಿ ಅಳಿಸಿಹೋಯಿತು. ಕ್ಯಾಮೆರಾ ಓಡುತ್ತಲೇ ಇತ್ತು.

“ಏಯ್, ಆಫ್ರಿಕಾ!” ಎಂದು ಅವನು ಗುಂಡು ಹಾರಿಸಿದ. ಅದು ಅವಳನ್ನು ಸುತ್ತುಹಾಕಿ ಹೋಗಿ ಬಂಗಡೆಯ ಬುಟ್ಟಿಯಲ್ಲಿ ಪಚಕ್ಕನೆ ಬಿತ್ತು.

“ಹನ್ನೊಂದು ಸಲ ಕೊಂದೀಯಲ್ಲೋ ಮಾರಾಯ, ಹೆಸರು ನೆನಪಿಲ್ವೇನೋ?” ರೊಜಿನಾ ಕನ್ನಡದಲ್ಲೇ ಗೊಣಗಿದಳು. ಅವನಿಗೆ ಅರ್ಥವಾಗಬೇಕೆಂಬ ಆಸೆಯೂ ಅವಳಿಗಿರಲಿಲ್ಲ. ಪಿಸ್ತೂಲು ಎತ್ತಿ, ಅವನ ತಾಯಿ ಕರೆದಷ್ಟೇ ಸ್ಪಷ್ಟವಾಗಿ “ಚೋ ಗ್ಯುನ್‌ಸೊಕ್” ಎಂದಳು.

ನಾಯಕ ಮೀನುಗಳ ನಡುವೆ ಅಂಗಾತ ಬಿದ್ದ.

ಮುಕ್ಕಾಲು ಚಿತ್ರ ಇನ್ನೂ ಬಾಕಿಯಿತ್ತು. ಉಳಿದ ರೌಡಿಗಳೆಲ್ಲ ಆಗಲೇ ಬಿದ್ದಿದ್ದರು, ನಿಂತಿದ್ದವಳು ಇವಳೊಬ್ಬಳೇ. ನಿರ್ದೇಶಕ ಬೆವರೊರೆಸುತ್ತ ಪೆನ್ನು ಹಿಡಿದು ಓಡಿ ಬಂದ.

“ನಿಮ್ಮ ಹೆಸರು ಏನಂದ್ರಿ, ಮೇಡಂ?”

“ಹೇಳ್ತೇನೆ,” ಎಂದಳು ಈ ಸಲ ಅವನ ಭಾಷೆಯಲ್ಲೇ. “ಆದ್ರೆ ಅಂಗೈ ಮೇಲೆ ಅಲ್ಲ. ಪರದೆ ಮೇಲೆ ಬರ್ಕೊಳ್ಳಿ, ಆ ಬಿದ್ದವನ ಹೆಸರು ಇದ್ದ ಜಾಗದಲ್ಲಿ.”