ನಾಲ್ಕು ಸೀಸೆಗಳು

"ಹೊಟ್ಟೆ, ಕರುಳು ಎಲ್ಲಾ ಕನ್ನಡಿ ಥರ ಇದೆ. ಏನೂ ಇಲ್ಲ," ಎನ್ನುತ್ತ ಡಾಕ್ಟರು ಎಂಡೋಸ್ಕೋಪಿಯ ಕೊಳವೆಯನ್ನು ಹಿಂದಕ್ಕೆ ಎಳೆಯತೊಡಗಿದರು. ನರ್ಸಿನ ತಟ್ಟೆಯಲ್ಲಿ ಹುಡುಗಿಯ ಹೆಸರು ಬರೆದ ನಾಲ್ಕು ಪುಟ್ಟ ಸೀಸೆಗಳು ಇನ್ನೂ ಹಾಗೇ ಇದ್ದವು.

"ಸರ್, ಲ್ಯಾಬಲ್ಲಿ ಪರೀಕ್ಷೆಗೆ ಕರುಳಿನ ಒಂದು ಚೂರೂ ತೆಗೆದಿಲ್ಲ."

"ಚೆನ್ನಾಗಿರೋ ಜಾಗದಿಂದ ಏನು ತೆಗೀಲಿ ಸಿಸ್ಟರ್? ಇವಳಿಗಿರೋದು ಕಾಯಿಲೆ ಅಲ್ಲ, ಊಟ ಬಿಡೋ ಹಟ."

ಕೊಳವೆ ಕಚ್ಚಿಕೊಂಡು ಮಲಗಿದ್ದ ಹುಡುಗಿಯ ಕಣ್ಣೀರು ದಿಂಬಿಗೆ ಇಳಿಯಿತು. ಹತ್ತೊಂಬತ್ತು ವರ್ಷ, ಮೂವತ್ತನಾಲ್ಕು ಕೆಜಿ. ಕರುಳಿನ ಉರಿಯೂತ ಇರಬಹುದೆಂಬ ಗುಮಾನಿಯಿಂದ ಬಂದವಳು. ಹೋದ ವರ್ಷವೂ ಇದೇ ಮಂಚದಿಂದ ಚೂರು ತೆಗೆಯದೆಯೇ ಬರೆದ ‘ಏನೂ ಇಲ್ಲ’ ಎಂಬ ಚೀಟಿ ಹಿಡಿದು ಎದ್ದುಹೋಗಿದ್ದಳು. ಆವತ್ತು ನರ್ಸು ಬಾಯಿ ಬಿಟ್ಟಿರಲಿಲ್ಲ.

ಇವತ್ತು ಸಿಟ್ಟಿಗೆ ನರ್ಸಿನ ಮೈಯೆಲ್ಲ ಉರಿಯಿತು. ಕೊಳವೆ ಪೂರ್ತಿ ಹೊರಬರುವ ಮುನ್ನವೇ ಡಾಕ್ಟರ ಮಣಿಕಟ್ಟು ಹಿಡಿದಳು. ಹದಿನೇಳು ವರ್ಷದ ಕೆಲಸದಲ್ಲಿ ಅವಳು ಹಾಗೆ ಯಾರ ಕೈಯನ್ನೂ ತಡೆದವಳಲ್ಲ.

"ಕಣ್ಣಿಗೆ ಕಾಣೋದಷ್ಟೇ ಕಾಯಿಲೆ ಅನ್ನೋದಾದ್ರೆ ಲ್ಯಾಬಿಗೆ ಬೀಗ ಹಾಕ್ಸಿ ಸರ್. ಚೂರು ತೆಗೀರಿ. ಇಲ್ಲಾ, ಬೇಕಂತಲೇ ತೆಗೀಲಿಲ್ಲ ಅಂತ ರಿಪೋರ್ಟಲ್ಲಿ ಬರೀರಿ. ಸಾಕ್ಷಿಗೆ ನಾನು ಸಹಿ ಹಾಕ್ತೀನಿ."

"ಕೈ ಬಿಡಿ."

"ಬಿಡಲ್ಲ."

ಡಾಕ್ಟರ ಕಿವಿ ಕೆಂಪಾಯಿತು. ಕೊನೆಗೆ ಅವಳತ್ತ ನೋಡದೆಯೇ ಕೊಳವೆಯನ್ನು ಮತ್ತೆ ಮೆಲ್ಲಗೆ ಒಳಗೆ ಇಳಿಸುತ್ತ, "ಚಿಮಟ ಕೊಡಿ," ಎಂದರು.