ಪ್ಲಾಸ್ಟಿಕ್ ಇಲ್ಲದ ಈಸ್ಟರ್

ಹಬ್ಬದ ಮನೆಯ ಗುಟ್ಟನ್ನು ಹೊರಗೆ ಹೇಳುವುದು ತಪ್ಪು. ಆದರೂ ಹೇಳುತ್ತಿದ್ದೇನೆ, ಮನ್ನಿಸಿ.

ಈ ಸಲದ ಈಸ್ಟರ್‌ಗೆ ಮನೆಯಲ್ಲಿ ಒಂದು ಚೂರೂ ಪ್ಲಾಸ್ಟಿಕ್ ಇರಕೂಡದೆಂದು ಸೊಸೆ ಜೆಸಿಂತಾ ಹಟ ಹಿಡಿದಿದ್ದಳು. ಮೊಟ್ಟೆಗಳಿಗೆ ಈರುಳ್ಳಿ ಸಿಪ್ಪೆಯ ಬಣ್ಣ, ಊಟಕ್ಕೆ ಅಡಿಕೆಯ ಹಾಳೆತಟ್ಟೆ. ಶಿಲುಬೆಗೆ ಅತ್ತೆ ಹಾಕಿದ್ದ ಹಳೆಯ ಪ್ಲಾಸ್ಟಿಕ್ ಹೂವಿನ ಹಾರವನ್ನೂ ಕಿತ್ತು ಕಸಕ್ಕೆ ಹಾಕಿದಳು.

"ಬಾಡ್ಬಾರ್ದು ಅಂತ ಅದನ್ನ ಹಾಕಿದ್ದೆ," ಎಂದಷ್ಟೇ ಅತ್ತೆ ಹೇಳಿದರು.

ಆದರೆ ಆನ್‌ಲೈನಿನಲ್ಲಿ ತರಿಸಿದ ಆ ಹಾಳೆತಟ್ಟೆಗಳು ಬಂದದ್ದು ಮೂರು ಸುತ್ತು ಗುಳ್ಳೆಗುಳ್ಳೆ ಪ್ಲಾಸ್ಟಿಕ್ಕಿನೊಳಗೆ. ನಾಚಿಕೆಯಾಗಿ ಅದನ್ನೆಲ್ಲ ಮುದುರಿ ಅತ್ತೆಯ ಮಂಚದ ಕೆಳಗೆ ತುರುಕಿದಳು. ಅಲ್ಲಿಗೆ ಯಾರು ಬಗ್ಗಿ ನೋಡುತ್ತಾರೆ?

ಮಕ್ಕಳು ನೋಡುತ್ತಾರೆಂದು ಹೊಳೆದದ್ದು, ಬಚ್ಚಿಟ್ಟ ಮೊಟ್ಟೆ ಹುಡುಕುವ ಆಟ ಶುರುವಾದ ಮೇಲೆ.

"ಚಿಕ್ಕಮ್ಮಾ, ಏನ್ ಸಿಕ್ತು ನೋಡಿ!" ಭಾವನ ಮಗಳು ಇಡೀ ರಾಶಿಯನ್ನು ಹಜಾರಕ್ಕೆ ಎಳೆದು ತಂದಳು.

ಭಾವ ಹೊಟ್ಟೆ ಹಿಡಿದು ನಕ್ಕರು. "ಇದ್ಯಾವ ಕೋಳಿ ಇಟ್ಟ ಮೊಟ್ಟೆ ಜೆಸಿಂತಾ?"

"ನಂಗೊತ್ತಿಲ್ಲ ಭಾವ," ಎಂದುಬಿಟ್ಟಳು.

"ನಂದು ಕಣೋ," ಮೂಲೆಯ ಕುರ್ಚಿಯಿಂದ ಅತ್ತೆ ಹೇಳಿದರು. "ಯಾವುದಕ್ಕಾದ್ರೂ ಆಗುತ್ತೆ ಅಂತ ಎತ್ತಿಟ್ಟಿದ್ದೆ."

"ಅವಳು ಅಷ್ಟು ಬಡ್ಕೊಂಡ್ರೂ ನಿಂಗೆ ಬುದ್ಧಿ ಬರ್ಲಿಲ್ವಲ್ಲಮ್ಮಾ!" ಭಾವ ಗದರಿದರು. ಉಳಿದವರೂ ದನಿಗೂಡಿಸಿದರು. ಜೆಸಿಂತಾ ಊಟಕ್ಕೆ ಹಾಳೆತಟ್ಟೆಗಳನ್ನು ಜೋಡಿಸತೊಡಗಿದಳು.

ಮಂಚದ ಕೆಳಗಿನ ರಾಶಿಯನ್ನು ಅತ್ತೆ ಯಾವಾಗ ನೋಡಿದ್ದರೋ, ಅವಳಿಗೆ ಇವತ್ತಿಗೂ ಗೊತ್ತಿಲ್ಲ.