ತಿರುವಿನ ಫುಟ್‌ಪಾತ್

ಶಾಲೆಯ ತಿರುವಿಗೊಂದು ಫುಟ್‌ಪಾತ್ ಬೇಕೆಂದು ನಾಗಭೂಷಣ ವಾರ್ಡ್ ಸಭೆಗಳಿಗೆ ಅಲೆಯತೊಡಗಿ ವರ್ಷಗಳೇ ಆಗಿದ್ದವು. ರಸ್ತೆಯಂಚಿನಲ್ಲಿ ನಡೆದು ಬರುತ್ತಿದ್ದ ಅವನ ಮಗಳ ಮೇಲೆ ಲಾರಿ ಹರಿದದ್ದು ಅಲ್ಲೇ. ಈಗಲೂ ಶಾಲೆ ಬಿಡುವ ಗಂಟೆ ಕೇಳಿಸಿದರೆ ಅವನ ಕಣ್ಣು ತಾನಾಗಿ ಬಾಗಿಲ ಕಡೆ ಹೊರಳುತ್ತಿತ್ತು.

"ಅದೇನು ಸಣ್ಣ ಕೆಲಸ ಅಂದ್ಕೊಂಡ್ರಾ ಸ್ವಾಮಿ? ಭಾಳ ತಾಪತ್ರಯ ಇದೆ" ಎಂದು ಎಂಜಿನಿಯರ್ ಪ್ರತಿ ಸಭೆಯಲ್ಲೂ ಸಾಗಹಾಕುತ್ತಿದ್ದ.

ಕೊನೆಗೂ ಮಂಜೂರಾಯಿತು. ಹಾಸಿದ ಹೊಸ ಕಲ್ಲುಗಳ ಮೇಲೆ ಮಕ್ಕಳು ಕುಣಿದಾಡಿದರು. ಬೀದಿಯವರೆಲ್ಲ ಸೇರಿ ನಾಗಭೂಷಣನಿಗೆ ಹಾರ ಹಾಕಿದರು. ಅದೇ ಹಾರದಲ್ಲಿ ಮನೆಗೆ ಬಂದವನು ಹೊಸ್ತಿಲಲ್ಲೇ ಕುಸಿದು ಕೂತ.

"ಏನಾಯ್ತು ರೀ? ಗೆದ್ದು ಬಂದಿದೀರಲ್ಲ!" ಎನ್ನುತ್ತ ಹೆಂಡತಿ ಓಡಿಬಂದಳು.

"ಬೆಳಿಗ್ಗೆ ಶುರು ಮಾಡಿದ್ರು ಕಣೇ," ಎಂದ ಅವನು, "ಸಂಜೆಗೆ ಮುಗಿಸಿಬಿಟ್ರು."